ಕಾಯಿಲೆ ವಾಸಿಯಾಯಿತು, ಫೈಲು ಎಲ್ಲಿದೆ?

ಜುಮಾ ಪ್ರವಚನದ ಸಾರಾಂಶ



ಕಳೆದ ತಿಂಗಳು ನಾವು ಮೂವರು ನಮ್ಮ ಜಮಾಅತ್‌ನ ಒಂದು ಮನೆಗೆ ರೋಗಿಯನ್ನು ನೋಡಿ ಬರಲು ಹೋಗಿದ್ದೆವು. ಆ ಮನೆಯ ಮಗಳಿಗೆ ಈಗ 27 ವರ್ಷ, ಒಂದು ಮಗುವಿನ ತಾಯಿ. ಅವಳ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ, ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇವೆ. 12ನೇ ವಯಸ್ಸಿನಲ್ಲಿ ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್. ಕಿಮೋ ಕೊಟ್ಟರು, ಎದೆಯ ಭಾಗಕ್ಕೆ ವಿಕಿರಣ ಕೊಟ್ಟರು, ಕೂದಲು ಉದುರಿ ಮತ್ತೆ ಬೆಳೆಯಿತು. ಅಲ್ಹಮ್ದುಲಿಲ್ಲಾಹ್, ಕಾಯಿಲೆ ವಾಸಿಯಾಯಿತು. ಹುಡುಗಿ ಶಾಲೆಗೆ ಹೋದಳು, ಕಾಲೇಜು ಮುಗಿಸಿದಳು, ಮದುವೆಯಾದಳು.

ಈಗ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಂದು ಡಾಕ್ಟರ ಬಳಿ ಹೋಗಿದ್ದಾಳೆ. ಹಳೆಯ ಕಾಯಿಲೆಯ ಮಾತು ಬಂದಾಗ ಡಾಕ್ಟರು ಕೇಳಿದ್ದು ಮೂರೇ ಪ್ರಶ್ನೆ. ಯಾವ ಯಾವ ಔಷಧಿ ಕೊಟ್ಟಿದ್ದರು? ಒಟ್ಟು ಎಷ್ಟು ಪ್ರಮಾಣ? ವಿಕಿರಣ ಎಲ್ಲಿಗೆ, ಎಷ್ಟು? ಮಗಳಿಗೆ ಗೊತ್ತಿಲ್ಲ. ತಾಯಿ ತಲೆ ತಗ್ಗಿಸಿದರು. ಆಮೇಲೆ ನಮ್ಮೆದುರು ಹೇಳಿದರು: ‘ಫೈಲು ಇಲ್ಲ. ನಿಶ್ಚಿತಾರ್ಥದ ಮುನ್ನಾದಿನ ಒಲೆಗೆ ಹಾಕಿದೆವು. ಗಂಡಿನ ಕಡೆಯವರ ಕಣ್ಣಿಗೆ ಬೀಳಬಾರದು ಎಂದು.’

ಹಾಗೆ ಮಾಡಲು ಹೇಳಿದವರು ಯಾರು ಎಂದು ನಾವು ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಅಂದು ಆ ಮನೆಯ ಚಾವಡಿಯಲ್ಲಿ ಕುಳಿತು ‘ಮುಗಿದ ಕಥೆ ಯಾಕೆ ತೆಗೆಯುತ್ತೀರಿ, ಹೇಳಬೇಡಿ, ಕಾಗದ ಪತ್ರ ಇಟ್ಟುಕೊಳ್ಳಬೇಡಿ’ ಎಂದವರು ಈ ಮೂವರಲ್ಲೇ ಇದ್ದರು. ಹೆಸರು ಬೇಡ. ನಾವು ಎಂದೇ ಹೇಳೋಣ. ಸಲಹೆ ಕೊಟ್ಟದ್ದು ನಾವು, ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು. ಅದರ ಬೆಲೆ ಮಾತ್ರ ಆ ಹುಡುಗಿಯ ತಲೆಯ ಮೇಲೆ ಬಿತ್ತು.

ಆ ದಿನದಿಂದ ನಾವು ಈ ವಿಷಯವನ್ನು ಓದಲು, ತಿಳಿದವರಲ್ಲಿ ಕೇಳಲು ಹೊರಟೆವು. ಹಾಗೆ ಕೇಳುತ್ತಾ ಹೋದಾಗ ಮತ್ತೆ ಮತ್ತೆ ಎದುರಾದ ಹೆಸರು ಡಾಕ್ಟರ್ ಸ್ಮಿತಾ ಭಾಟಿಯಾ. ದೆಹಲಿಯ ಏಮ್ಸ್‌ನಲ್ಲಿ ವೈದ್ಯಕೀಯ ಓದಿ ಮಕ್ಕಳ ವೈದ್ಯೆಯಾದವರು. ಮುಂದೆ ಅಮೆರಿಕಕ್ಕೆ ಹೋಗಿ ಮಿನ್ನೆಸೋಟಾದಲ್ಲಿ ತರಬೇತಿ ಪಡೆದರು, ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್‌ನಲ್ಲಿ ವರ್ಷಗಟ್ಟಲೆ ದುಡಿದರು, 2015ರ ಬಳಿಕ ಬರ್ಮಿಂಗ್‌ಹ್ಯಾಮ್‌ನ ಅಲಬಾಮಾ ವಿಶ್ವವಿದ್ಯಾಲಯದಲ್ಲಿದ್ದಾರೆ. ಮಗುವಿನ ಕ್ಯಾನ್ಸರನ್ನು ವಾಸಿ ಮಾಡುವುದು ಹೇಗೆ ಎಂದು ಬಹಳ ಜನ ಸಂಶೋಧಿಸುತ್ತಾರೆ. ಇವರು ಹಿಡಿದುಕೊಂಡ ಪ್ರಶ್ನೆ ಬೇರೆ. ವಾಸಿಯಾದ ಮಗು ಮನೆಗೆ ಹೋದ ಮೇಲೆ, ಹತ್ತು ವರ್ಷ, ಇಪ್ಪತ್ತು ವರ್ಷ, ಮೂವತ್ತು ವರ್ಷ ಕಳೆದ ಮೇಲೆ, ಅದರ ಶರೀರಕ್ಕೆ ಏನಾಗುತ್ತದೆ?

ಈ ಪ್ರಶ್ನೆಯನ್ನು ಕೇಳುವ ಸ್ಥಿತಿಗೆ ಜಗತ್ತು ಬಂದದ್ದೇ ಇತ್ತೀಚೆಗೆ. ನಮ್ಮ ಅಜ್ಜಂದಿರ ಕಾಲದಲ್ಲಿ ರಕ್ತದ ಕ್ಯಾನ್ಸರ್ ಬಂದ ಮಗು ಕೆಲವೇ ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ತೀರಿಕೊಳ್ಳುತ್ತಿತ್ತು. 1948ರಲ್ಲಿ ಬಾಸ್ಟನ್‌ನ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಅಮಿನಾಪ್ಟೆರಿನ್ ಎಂಬ ಔಷಧಿಯನ್ನು 16 ಮಕ್ಕಳಿಗೆ ಕೊಟ್ಟು, 10 ಮಕ್ಕಳಲ್ಲಿ ಕಾಯಿಲೆ ತಾತ್ಕಾಲಿಕವಾಗಿ ಹಿಂದೆ ಸರಿದದ್ದನ್ನು ವರದಿ ಮಾಡಿದರು. ಆ ಔಷಧಿ ಬಂದ ಪ್ರಯೋಗಾಲಯದಲ್ಲಿ ಸಂಶೋಧನೆಯನ್ನು ಮುನ್ನಡೆಸುತ್ತಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ನಮ್ಮಲ್ಲಿ ಎಷ್ಟು ಜನ ಆ ಹೆಸರು ಕೇಳಿದ್ದೇವೆ? ಇರಲಿ. ಇಂದು ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ 80ಕ್ಕಿಂತ ಹೆಚ್ಚು ಮಕ್ಕಳು ಬದುಕುಳಿಯುತ್ತಾರೆ. ನಮ್ಮಂಥ ದೇಶಗಳಲ್ಲಿ ಆ ಸಂಖ್ಯೆ ಕಡಿಮೆ, ಆದರೂ ವಾಸಿಯಾಗಿ ಮನೆಗೆ ಬರುವ ಮಕ್ಕಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ.

ಈಗ ನಮ್ಮ ಆ ಮಗಳ ಕಾಯಿಲೆಗೆ ಬರೋಣ. 1996ರಲ್ಲಿ ಡಾಕ್ಟರ್ ಭಾಟಿಯಾ, ಅವರ ಹಿರಿಯ ಸಹೋದ್ಯೋಗಿಗಳಾದ ಲೆಸ್ಲಿ ರಾಬಿಸನ್, ಅನ್ನಾ ಮೆಡೋಸ್ ಮೊದಲಾದವರು ಸೇರಿ ಒಂದು ಅಧ್ಯಯನ ಪ್ರಕಟಿಸಿದರು. ಬಾಲ್ಯದಲ್ಲಿ ಹಾಡ್ಜ್‌ಕಿನ್ ಕಾಯಿಲೆಗೆ ಚಿಕಿತ್ಸೆ ಪಡೆದ 1,380 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನ ಅದು. ಅಷ್ಟು ಜನರಲ್ಲಿ ಸಾಮಾನ್ಯವಾಗಿ ನಾಲ್ಕೈದು ಹೊಸ ಕ್ಯಾನ್ಸರ್ ಕಾಣಿಸಿಕೊಳ್ಳಬಹುದಿತ್ತು. ಕಾಣಿಸಿಕೊಂಡದ್ದು 88. ಹೆಣ್ಣು ಮಕ್ಕಳಲ್ಲಿ ಎದ್ದು ಕಂಡದ್ದು ಸ್ತನ ಕ್ಯಾನ್ಸರ್, ಅದೂ ಹದಿಹರೆಯದ ಆಸುಪಾಸಿನಲ್ಲಿ ಎದೆಗೆ ವಿಕಿರಣ ಪಡೆದವರಲ್ಲಿ. 40 ವರ್ಷ ತುಂಬುವಷ್ಟರಲ್ಲಿ ನೂರಕ್ಕೆ 35ರಷ್ಟು ಮಹಿಳೆಯರಿಗೆ ಅದು ಬರಬಹುದು ಎಂದು ಅಂದಿನ ಅಂದಾಜು ಹೇಳಿತು.

ಹೆದರಬೇಡಿ, ಮಾತು ಮುಗಿದಿಲ್ಲ. ಅವರು ಅದೇ ಜನರನ್ನು ಇನ್ನೂ ಕೆಲವು ವರ್ಷ ಹಿಂಬಾಲಿಸಿದರು. 2003ರಲ್ಲಿ ಮತ್ತೆ ಲೆಕ್ಕ ಹಾಕಿ, 40ರ ವಯಸ್ಸಿಗೆ ಅದು ನೂರಕ್ಕೆ ಸುಮಾರು 14, 45ರ ವಯಸ್ಸಿಗೆ ಸುಮಾರು 20 ಎಂದು ತಮ್ಮ ಅಂಕಿಯನ್ನು ತಾವೇ ತಿದ್ದಿದರು. ಮೊದಲ ಅಂದಾಜು ಹೆಚ್ಚಾಗಿತ್ತು ಎಂದು ಬರೆಯಲು ಅವರು ಹಿಂಜರಿಯಲಿಲ್ಲ. ನಮಗೆ ಈ ಗುಣ ಬಹಳ ಹಿಡಿಸಿತು. ನಾವು ಚಾವಡಿಯಲ್ಲಿ ಕೊಟ್ಟ ಸಲಹೆಯನ್ನು ಏಳು ವರ್ಷ ಕಳೆದರೂ ತಿದ್ದಿರಲಿಲ್ಲವಲ್ಲ!

ತಿದ್ದಿದ ಅಂಕಿಯೂ ಸಣ್ಣದಲ್ಲ. ಸಾಮಾನ್ಯ ಮಹಿಳೆಯರಿಗೆ ಆ ವಯಸ್ಸಿನಲ್ಲಿರುವ ಅಪಾಯಕ್ಕಿಂತ ಅದು ಹಲವಾರು ಪಟ್ಟು. ಆದರೆ ಗೊತ್ತಿದ್ದರೆ ಮಾಡಬಹುದಾದ ಕೆಲಸವಿದೆ. ಅಮೆರಿಕದ ಮಕ್ಕಳ ಕ್ಯಾನ್ಸರ್ ವೈದ್ಯರ ಒಕ್ಕೂಟ ಇಂಥವರಿಗಾಗಿ ಮಾರ್ಗಸೂಚಿ ಮಾಡಿಟ್ಟಿದೆ, ಅದರ ರಚನೆಯಲ್ಲಿ ಭಾಟಿಯಾ ಅವರ ಕೈಯಿದೆ. ಎದೆಗೆ ವಿಕಿರಣ ಪಡೆದ ಹುಡುಗಿಗೆ 25 ವರ್ಷ ತುಂಬಿದ ಮೇಲೆ ಅಥವಾ ವಿಕಿರಣ ಮುಗಿದು 8 ವರ್ಷವಾದ ಮೇಲೆ, ಇವೆರಡರಲ್ಲಿ ಯಾವುದು ತಡವೋ ಆಗಿನಿಂದ, ಪ್ರತಿ ವರ್ಷ ಸ್ತನದ ಎಂಆರ್‌ಐ, ಮ್ಯಾಮೊಗ್ರಾಂ ತಪಾಸಣೆ ಶುರುವಾಗಬೇಕು. ಬೇಗ ಸಿಕ್ಕರೆ ಬೇಗ ಚಿಕಿತ್ಸೆ. ನಮ್ಮ ಆ ಮಗಳಿಗೆ 25 ದಾಟಿ ಎರಡು ವರ್ಷವಾಯಿತು. ಯಾರೂ ಹೇಳಿರಲಿಲ್ಲ. ಹೇಳಬೇಕಾದ ಕಾಗದ ಬೂದಿಯಾಗಿತ್ತು.

ಏದುಸಿರಿನ ವಿಷಯವೂ ಹಾಗೆಯೇ. ಮಕ್ಕಳ ಹಲವು ಕ್ಯಾನ್ಸರ್‌ಗಳಿಗೆ ಕೊಡುವ ಒಂದು ಕೆಂಪು ಬಣ್ಣದ ಔಷಧಿ ಇದೆ, ಡಾಕ್ಸೊರುಬಿಸಿನ್. ಆಸ್ಪತ್ರೆಯ ವಾರ್ಡಿನಲ್ಲಿ ದಿನ ಕಳೆದ ತಾಯಂದಿರಿಗೆ ಅದು ಚೆನ್ನಾಗಿ ಗೊತ್ತು, ಮೂತ್ರವೂ ಕೆಂಪಾಗುತ್ತದೆ. ಎಷ್ಟೋ ಮಕ್ಕಳ ಜೀವ ಉಳಿಸಿದ ಔಷಧಿ. ಆದರೆ ಅದು ಹೃದಯದ ಸ್ನಾಯುವನ್ನು ಬಳಲಿಸಬಲ್ಲದು, ಕೆಲವರಲ್ಲಿ ಹತ್ತು ಹದಿನೈದು ವರ್ಷಗಳ ನಂತರ. ಒಟ್ಟು ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು, ಎದೆಗೆ ವಿಕಿರಣವೂ ಸೇರಿದರೆ ಇನ್ನೂ ಹೆಚ್ಚು. ಒಂದೇ ಪ್ರಮಾಣ ಪಡೆದ ಇಬ್ಬರಲ್ಲಿ ಒಬ್ಬನ ಹೃದಯ ಸೋಲುತ್ತದೆ, ಇನ್ನೊಬ್ಬನದು ಗಟ್ಟಿಯಾಗಿರುತ್ತದೆ. ಯಾಕೆ? ಭಾಟಿಯಾ ಅವರ ತಂಡ ಇದರ ಹಿಂದೆ ಬಿದ್ದು, ಹುಟ್ಟಿನಿಂದ ಬಂದ ವಂಶವಾಹಿಗಳ ಸಣ್ಣ ವ್ಯತ್ಯಾಸಗಳೂ ಒಂದು ಕಾರಣವೆಂದು ತೋರಿಸಿತು. ಅಂಥ ಕೆಲವರಿಗೆ ಕಡಿಮೆ ಪ್ರಮಾಣವೂ ಸುರಕ್ಷಿತವಲ್ಲ. ಇಂಥ ಔಷಧಿ ಪಡೆದವರಿಗೆ ಎಕೋ ಪರೀಕ್ಷೆ ಎಷ್ಟು ವರ್ಷಕ್ಕೊಮ್ಮೆ ಬೇಕು ಎಂಬುದು ಆ ಒಟ್ಟು ಪ್ರಮಾಣದ ಮೇಲೆ ನಿಂತಿದೆ. ಹಾಗಾಗಿಯೇ ಡಾಕ್ಟರು ‘ಎಷ್ಟು’ ಎಂದು ಕೇಳುವುದು, ಕುತೂಹಲಕ್ಕಲ್ಲ. ಗರ್ಭಿಣಿಯ ಹೃದಯ ಎಂದಿಗಿಂತ ಹೆಚ್ಚು ದುಡಿಯಬೇಕಾಗುತ್ತದೆ. ಆ ಮಗಳು ಹೆರಿಗೆಗೆ ಹೋದಾಗ ಹೆರಿಗೆ ವೈದ್ಯರಿಗೂ ಈ ವಿಷಯ ಗೊತ್ತಿರಲಿಲ್ಲ. ಅಲ್ಲಾಹನು ಕಾಪಾಡಿದನು. ನಾವು ಕಾಪಾಡಲಿಲ್ಲ.

‘ಹಾಗಾದರೆ ಚಿಕಿತ್ಸೆಯೇ ಬೇಡವಾಗಿತ್ತೇ?’ ಎಂದು ಒಬ್ಬ ಸಹೋದರರು ಕೇಳಿದರು. ಈ ಮಾತು ಮನೆಮನೆಗೆ ತಪ್ಪಾಗಿ ಹೋಗಬಾರದು. ಚಿಕಿತ್ಸೆ ಇಲ್ಲದಿದ್ದರೆ ಆ ಹುಡುಗಿ ಹದಿನೈದು ತುಂಬುತ್ತಿರಲಿಲ್ಲ. ಕಿಮೋ ಬಿಟ್ಟು ನಾಟಿ ಔಷಧಿಗೆ, ಮಂತ್ರಿಸಿದ ನೀರಿಗೆ ಓಡಿದವರ ಮನೆಗಳನ್ನೂ ನಾವು ನೋಡಿದ್ದೇವೆ. ದುಆ ಮಾಡೋಣ, ಚಿಕಿತ್ಸೆಯನ್ನೂ ಪೂರ್ತಿ ಮಾಡಿಸೋಣ. ಇಂಥ ಸಂಶೋಧನೆಗಳಿಂದಲೇ ಚಿಕಿತ್ಸೆಯೂ ಬದಲಾಯಿತು. ಹಾಡ್ಜ್‌ಕಿನ್ ಕಾಯಿಲೆಯ ಮಕ್ಕಳಿಗೆ ವಿಕಿರಣದ ಪ್ರಮಾಣ ಇಳಿಸಿದರು, ಕೆಲವರಿಗೆ ವಿಕಿರಣವನ್ನೇ ಬಿಟ್ಟರು. ರಕ್ತದ ಕ್ಯಾನ್ಸರಿನ ಹೆಚ್ಚಿನ ಮಕ್ಕಳಿಗೆ ಈಗ ತಲೆಗೆ ವಿಕಿರಣ ಕೊಡುವುದಿಲ್ಲ. ರಾಬಿಸನ್ ಅವರ ನೇತೃತ್ವದಲ್ಲಿ 1994ರಲ್ಲಿ ಶುರುವಾದ, ಬಾಲ್ಯದ ಕ್ಯಾನ್ಸರ್ ಗೆದ್ದವರ ದೊಡ್ಡ ಅಧ್ಯಯನ ಅಮೆರಿಕದಲ್ಲಿ ಇಂದಿಗೂ ನಡೆಯುತ್ತಿದೆ. ಕಾಯಿಲೆ ಪತ್ತೆಯಾಗಿ ಐದು ವರ್ಷ ಬದುಕಿದ 34,033 ಮಂದಿಯ ಲೆಕ್ಕ 2016ರಲ್ಲಿ ಬಂತು. 1970ರ ದಶಕದ ಆರಂಭದಲ್ಲಿ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ, 1990ರ ದಶಕದಲ್ಲಿ ಪಡೆದವರಲ್ಲಿ ಮುಂದಿನ ಹದಿನೈದು ವರ್ಷಗಳ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಹಳೆಯ ರೋಗಿಗಳು ತಮ್ಮ ಕಥೆ ಮುಚ್ಚಿಡದೆ ಹೇಳಿದ್ದರಿಂದ ಹೊಸ ಮಕ್ಕಳು ಬದುಕಿದರು ಎಂದೇ ನಾವು ಇದನ್ನು ಓದಿಕೊಂಡೆವು.

ಅದೇ ಅಧ್ಯಯನದಲ್ಲಿ 2006ರಲ್ಲಿ ಬಂದ ಇನ್ನೊಂದು ವರದಿ ಹತ್ತು ಸಾವಿರಕ್ಕೂ ಮಿಕ್ಕ ವಯಸ್ಕರನ್ನು ಅವರ ಒಡಹುಟ್ಟಿದವರ ಜೊತೆ ಹೋಲಿಸಿ ನೋಡಿತ್ತು. ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದವರಲ್ಲಿ ನೂರಕ್ಕೆ 62 ಮಂದಿಗೆ ದೀರ್ಘಕಾಲದ ಏನಾದರೊಂದು ಆರೋಗ್ಯ ಸಮಸ್ಯೆ ಇತ್ತು. ಥೈರಾಯ್ಡ್, ಕಿವಿ, ಮೂತ್ರಪಿಂಡ, ಹೃದಯ, ಮಕ್ಕಳಾಗದಿರುವುದು, ಹೀಗೆ. ನೂರಕ್ಕೆ 27ರಷ್ಟು ಮಂದಿಗೆ ಅದು ಗಂಭೀರವಾಗಿತ್ತು ಅಥವಾ ಜೀವಕ್ಕೇ ಅಪಾಯವಾಗುವಂಥದ್ದಾಗಿತ್ತು. ಇವುಗಳಲ್ಲಿ ಬಹಳಷ್ಟು ಬೇಗ ಕಂಡರೆ ನಿಭಾಯಿಸಬಹುದಾದವು. ಥೈರಾಯ್ಡಿಗೆ ದಿನಕ್ಕೊಂದು ಮಾತ್ರೆ ಸಾಕು. ಆದರೆ ಯಾರಿಗಾದರೂ ಹುಡುಕಬೇಕೆಂದು ಹೊಳೆಯಬೇಕಲ್ಲ.

ಮುಚ್ಚಿಡುವುದು ನಮ್ಮ ಸಮುದಾಯದ ರೋಗ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲೇ 635 ಮಂದಿಯನ್ನು ಕೇಳಿದಾಗ, ಹಿಂದಿನ ಚಿಕಿತ್ಸೆಯಿಂದ ಮುಂದೆ ಗಂಭೀರ ತೊಂದರೆ ಬರಬಹುದು ಎಂದು ತಿಳಿದಿದ್ದವರು ನೂರಕ್ಕೆ 35 ಮಾತ್ರ. ಚಿಕಿತ್ಸೆಯ ವಿವರ ಬರಹದಲ್ಲಿ ಸಿಕ್ಕಿದ್ದವರು ನೂರಕ್ಕೆ 15. ಇದು 2002ರ ಮಾತು. ಮೂರು ವರ್ಷದಲ್ಲಿ ಚಿಕಿತ್ಸೆ ಪಡೆದ ಮಗುವಿಗೆ ತನಗೆ ಏನಾಗಿತ್ತೆಂದು ನೆನಪಿರುವುದಿಲ್ಲ. ತಂದೆತಾಯಿ ಹೇಳದಿದ್ದರೆ ಅದಕ್ಕೆ ಗೊತ್ತಾಗುವುದೇ ಇಲ್ಲ. ಆ ಮಾಹಿತಿ ಮಗುವಿನದು, ತಂದೆತಾಯಿಯ ಕೈಯಲ್ಲಿರುವ ಅಮಾನತು. ಹದಿನೆಂಟಾದಾಗ ಬ್ಯಾಂಕ್ ಪಾಸ್‌ಪುಸ್ತಕ ಕೊಡುವಂತೆ ಅದನ್ನೂ ಅವರ ಕೈಗೆ ಕೊಡಬೇಕು.

ಚಿಕಿತ್ಸೆ ಇನ್ನೂ ನಡೆಯುತ್ತಿರುವ ಮಕ್ಕಳ ಮನೆಯವರು ಈ ಮಸೀದಿಯಲ್ಲೂ ಇದ್ದೀರಿ. ನಿಮಗೊಂದು ಮಾತು. ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಆಸ್ಪತ್ರೆಯ ದೊಡ್ಡ ಚಿಕಿತ್ಸೆ ಮುಗಿದ ಮೇಲೆ ಒಂದೂವರೆ ಎರಡು ವರ್ಷ ಮನೆಯಲ್ಲೇ ದಿನವೂ ಮರ್ಕ್ಯಾಪ್ಟೊಪ್ಯೂರಿನ್ ಎಂಬ ಮಾತ್ರೆ ಕೊಡಬೇಕು. ಮಗು ಆಡುತ್ತಿರುತ್ತದೆ, ಚೆನ್ನಾಗಿ ತಿನ್ನುತ್ತಿರುತ್ತದೆ. ಒಂದು ದಿನ ಬಿಟ್ಟರೇನು ಎನಿಸುತ್ತದೆ. ಭಾಟಿಯಾ ಅವರ ತಂಡ ಮಾಡಿದ್ದೇನೆಂದರೆ, ಮಾತ್ರೆಯ ಬಾಟಲಿಯ ಮುಚ್ಚಳದೊಳಗೆ ಒಂದು ಸಣ್ಣ ಚಿಪ್ ಇಟ್ಟಿತು. ಮುಚ್ಚಳ ತೆರೆದ ದಿನ, ಗಂಟೆ ಎಲ್ಲ ಅದರಲ್ಲಿ ದಾಖಲಾಗುತ್ತದೆ. ನೂರು ದಿನದಲ್ಲಿ 95 ದಿನಕ್ಕಿಂತ ಕಡಿಮೆ ಮಾತ್ರೆ ಸೇವಿಸಿದ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಎರಡೂವರೆ ಪಟ್ಟಿಗೂ ಹೆಚ್ಚು ಎಂದು ಕಂಡಿತು. ಅಂದರೆ ತಿಂಗಳಿಗೆ ಎರಡು ದಿನ ತಪ್ಪಿದರೂ ಸಾಕು. ತಪ್ಪಿದ್ದಕ್ಕೆ ಕಾರಣ ಕೇಳಿದರೆ ಹೆಚ್ಚಿನವರ ಉತ್ತರ, ಮರೆತುಹೋಯಿತು. ಇನ್ನೊಂದು ಸಂಗತಿ ಏನೆಂದರೆ, ಮನೆಯವರು ‘ಕೊಟ್ಟಿದ್ದೇವೆ’ ಎಂದು ಹೇಳಿದ ದಿನಗಳಿಗಿಂತ ಮುಚ್ಚಳ ತೆರೆದ ದಿನಗಳು ಎಷ್ಟೋ ಕಡೆ ಕಡಿಮೆ ಇದ್ದವು. ಸುಳ್ಳು ಹೇಳಬೇಕೆಂದು ಯಾರೂ ಹೇಳಿದ್ದಲ್ಲ. ಡಾಕ್ಟರ ಮುಂದೆ ಒಳ್ಳೆಯವರಾಗಿ ಕಾಣುವ ಆಸೆ ಎಲ್ಲರಿಗೂ ಇರುತ್ತದೆ.

ರಮಝಾನ್ ತಿಂಗಳಲ್ಲಿ ನಮ್ಮ ಮನೆಗಳ ವೇಳಾಪಟ್ಟಿ ತಲೆಕೆಳಗಾಗುತ್ತದೆ. ಇಫ್ತಾರ್, ತರಾವೀಹ್, ನೆಂಟರು, ಸಹರಿ. ಮಲಗುವ ಹೊತ್ತಿನ ಮಾತ್ರೆ ತಪ್ಪುವುದು ಇಂಥ ದಿನಗಳಲ್ಲೇ. ಚಿಕಿತ್ಸೆಯಲ್ಲಿರುವ ಹದಿಹರೆಯದ ಹುಡುಗ ಗೆಳೆಯರನ್ನು ನೋಡಿ ‘ನಾನೂ ಉಪವಾಸ ಹಿಡಿಯುತ್ತೇನೆ’ ಎನ್ನುತ್ತಾನೆ. ರೋಗಿಗೆ ರಿಯಾಯಿತಿ ಇದೆ ಎಂಬುದು ನಮಗೆಲ್ಲ ಗೊತ್ತು, ಆದರೆ ಮನೆಯವರೇ ಹೆಮ್ಮೆಪಟ್ಟು ಸುಮ್ಮನಿದ್ದುಬಿಡುತ್ತೇವೆ. ಡಾಕ್ಟರಲ್ಲಿ ಕೇಳದೆ ಇದನ್ನು ಮಾಡಬೇಡಿ. ಇನ್ನು, ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲೇ ಕೊಡಬೇಕು, ಹಾಲಿನ ಜೊತೆ ಕೊಡಬಾರದು ಎಂಬ ಕಟ್ಟುಪಾಡಿನಿಂದ ಸೋತವರಿದ್ದೀರಿ. 2017ರಲ್ಲಿ ಅದೇ ತಂಡ ನೋಡಿದಾಗ, ಊಟದ ಜೊತೆ ಕೊಟ್ಟರೂ ಹಾಲಿನ ಜೊತೆ ಕೊಟ್ಟರೂ ಕಾಯಿಲೆ ಮರುಕಳಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಡಾಕ್ಟರಲ್ಲಿ ಈ ಬಗ್ಗೆ ಮಾತಾಡಿ. ದಿನವೂ ತಪ್ಪದೆ ಕೊಡುವುದು ಮುಖ್ಯ.

ಈಗ ಎಲ್ಲರೂ ಮನಸ್ಸಿನಲ್ಲೇ ಕೇಳುತ್ತಿರುವ ಪ್ರಶ್ನೆಗೆ ಬರೋಣ. ಮದುವೆ. ‘ಹೇಳಿದರೆ ಯಾರು ಮದುವೆಯಾಗುತ್ತಾರೆ?’ ಈ ಭಯ ಸುಳ್ಳಲ್ಲ, ಅದನ್ನು ಹುಟ್ಟಿಸಿದವರೂ ನಾವೇ. ಸಂಬಂಧ ಕೇಳಲು ಹೋದಾಗ ‘ಆ ಮನೆಯಲ್ಲಿ ಕ್ಯಾನ್ಸರ್ ಇದೆಯಂತೆ’ ಎಂದು ಪಿಸುಗುಟ್ಟುವವರು ನಾವು. ಕ್ಯಾನ್ಸರ್ ಮುಟ್ಟಿದರೆ ಅಂಟುವ ಕಾಯಿಲೆಯಲ್ಲ. ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದವರಿಗೆ ಹುಟ್ಟಿದ ಮಕ್ಕಳನ್ನು ಅಧ್ಯಯನ ಮಾಡಿದಾಗ, ಚಿಕಿತ್ಸೆಯ ಕಾರಣದಿಂದ ಹುಟ್ಟು ನ್ಯೂನತೆಗಳು ಹೆಚ್ಚಾದದ್ದು ಕಂಡುಬಂದಿಲ್ಲ. ಕಣ್ಣಿನ ರೆಟಿನೋಬ್ಲಾಸ್ಟೋಮಾದಂಥ ಕೆಲವು ಕ್ಯಾನ್ಸರ್‌ಗಳು ಮಾತ್ರ ವಂಶದಲ್ಲಿ ಬರಬಹುದು, ಅದನ್ನು ವೈದ್ಯರು ಪರೀಕ್ಷಿಸಿ ಹೇಳುತ್ತಾರೆ. ಕೆಲವು ಔಷಧಿಗಳಿಂದ, ವಿಕಿರಣದಿಂದ ಮಕ್ಕಳಾಗುವುದು ಕಷ್ಟವಾಗಬಹುದು, ಗಂಡಿಗೂ ಹೆಣ್ಣಿಗೂ. ನಿಕಾಹ್‌ಗೆ ಮೊದಲೇ ಎರಡೂ ಕಡೆಯವರು ತಿಳಿಯಬೇಕಾದ ಮಾತು ಇದು. ಮುಚ್ಚಿಟ್ಟು ಕಟ್ಟಿದ ಮದುವೆಯಲ್ಲಿ ಹುಡುಗಿ ಎಕೋ ಮಾಡಿಸಲೂ ತವರಿನ ನೆಪ ಹೇಳಿ ಹೋಗಬೇಕು. ಕೊನೆಗೆ ಹೋಗುವುದನ್ನೇ ಬಿಡುತ್ತಾಳೆ.

ಆ ಮಗಳು ಅಂದು ರಾತ್ರಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಆತ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಆತನೇ ರಜೆ ಹಾಕಿ ಎಕೋ ಮಾಡಿಸಲು ಕರೆದುಕೊಂಡು ಹೋದ. ಆಮೇಲೆ ನಮ್ಮಲ್ಲಿ ಬಂದು ಹೇಳಿದ: ‘ಕಾಯಿಲೆಗೆ ನನಗೆ ಕೋಪ ಇಲ್ಲ. ಊರಿಗೆಲ್ಲ ಗೊತ್ತಿತ್ತು, ನನಗೆ ಮಾತ್ರ ಗೊತ್ತಿರಲಿಲ್ಲ.’ ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಕ್ಷಮೆ ಕೇಳಿದೆವು.

ಬೈತುಲ್‌ಮಾಲ್‌ನ ಲೆಕ್ಕವನ್ನೂ ತೆರೆದು ನೋಡಿದೆವು. ಕ್ಯಾನ್ಸರ್ ಎಂದು ಅರ್ಜಿ ಬಂದಾಗ ಶಸ್ತ್ರಚಿಕಿತ್ಸೆಗೆ, ಕಿಮೋಗೆ ಧಾರಾಳವಾಗಿ ಕೊಟ್ಟಿದ್ದೇವೆ. ವಾಸಿಯಾದ ಮೇಲೆ ತಪಾಸಣೆಗೆಂದು ಒಂದು ರೂಪಾಯಿಯೂ ಕೊಟ್ಟ ದಾಖಲೆಯಿಲ್ಲ. ಯಾರೂ ಕೇಳಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ವರ್ಷಕ್ಕೊಂದು ಎಂಆರ್‌ಐ ಬಡ ಕುಟುಂಬಕ್ಕೆ ಸಣ್ಣ ಖರ್ಚಲ್ಲ, ದೂರದ ಆಸ್ಪತ್ರೆಗೆ ಹೋಗಿ ಬರುವ ಒಂದು ದಿನದ ಕೂಲಿಯೂ ಹೋಗುತ್ತದೆ. ಈ ವರ್ಷದಿಂದ ಅದಕ್ಕೆ ಪ್ರತ್ಯೇಕ ಮೊತ್ತ ಇಡಲು ಸಮಿತಿ ಒಪ್ಪಿದೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿದ ಮಕ್ಕಳಿಗಾಗಿಯೇ 1991ರಿಂದ ಒಂದು ಕ್ಲಿನಿಕ್ ನಡೆಯುತ್ತಿದೆ. ಬೆಂಗಳೂರಿನ ಕಿದ್ವಾಯಿಯಲ್ಲಿ, ಮುಂಬಯಿಯಲ್ಲಿ, ಎಲ್ಲೇ ನಿಮ್ಮ ಮಗುವಿಗೆ ಚಿಕಿತ್ಸೆ ಆಗಿರಲಿ, ಅಲ್ಲಿಗೆ ಹೋಗಿ ಚಿಕಿತ್ಸೆಯ ಸಾರಾಂಶ ಬರೆದು ಕೊಡಿ ಎಂದು ಕೇಳಿ. ಕಾಯಿಲೆಯ ಹೆಸರು, ಔಷಧಿಗಳ ಹೆಸರು, ಪ್ರತಿಯೊಂದರ ಒಟ್ಟು ಪ್ರಮಾಣ, ವಿಕಿರಣದ ಜಾಗ ಮತ್ತು ಪ್ರಮಾಣ, ತಾರೀಕು. ಒಂದು ಪುಟದ ಕೆಲಸ. ಲ್ಯಾಮಿನೇಟ್ ಮಾಡಿಸಿ, ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ. ಮನೆಯಲ್ಲಿ ಇಡಲು ಇನ್ನೂ ಭಯವಿದ್ದರೆ ಲಕೋಟೆಯಲ್ಲಿ ಹಾಕಿ ಅಂಟಿಸಿ ಮಸೀದಿಯ ಕಪಾಟಿಗೆ ತನ್ನಿ. ನಾವು ತೆರೆದು ನೋಡುವುದಿಲ್ಲ, ಕೀಲಿ ಕೈ ಇಬ್ಬರ ಬಳಿ ಮಾತ್ರ ಇರುತ್ತದೆ.

ಆ ಮಗಳ ಎಕೋ ವರದಿ ಬಂದಿದೆ. ಹೃದಯ ಸ್ವಲ್ಪ ದುರ್ಬಲವಾಗಿದೆ, ಮಾತ್ರೆ ಶುರು ಮಾಡಿದ್ದಾರೆ. ಹಳೆಯ ಆಸ್ಪತ್ರೆಯಲ್ಲಿ ವಿಚಾರಿಸಿದಾಗ, ಹದಿನೈದು ವರ್ಷದ ಹಿಂದಿನ ದಾಖಲೆಗಳು ಗೋದಾಮಿನಲ್ಲಿವೆ, ಇದ್ದರೂ ಇರಬಹುದು, ನೋಂದಣಿ ಸಂಖ್ಯೆ ತನ್ನಿ ಎಂದರು. ಆ ಸಂಖ್ಯೆಯೂ ಫೈಲಿನಲ್ಲೇ ಇತ್ತು. ಅಂದು ನಮ್ಮ ಬೈತುಲ್‌ಮಾಲ್‌ಗೆ ಅವರ ತಂದೆ ಕೊಟ್ಟ ಅರ್ಜಿಯ ಜೊತೆ ಆಸ್ಪತ್ರೆಯ ಒಂದು ಬಿಲ್ ಇದ್ದ ನೆನಪು ಕಾರ್ಯದರ್ಶಿಯವರಿಗಿದೆ. ಹಳೆಯ ಕಡತಗಳ ಮೂರು ಗೋಣಿಚೀಲ ಮೇಲಿನ ಕೋಣೆಯಲ್ಲಿವೆ. ಇಂದು ಅಸರ್ ನಮಾಝ್‌ನ ನಂತರ ಅವನ್ನು ಇಳಿಸಿ ಹುಡುಕುತ್ತೇವೆ. ಸಮಯವಿರುವ ಯುವಕರು ನಾಲ್ಕೈದು ಮಂದಿ ಬಂದರೆ ಅನುಕೂಲವಾಗುತ್ತದೆ.